ಯೆಜ್ಡಿ ಓಡ್ತಾ ಓಡ್ತಾ ನಿಲ್ಲುತ್ತಿದೆಯಾ? ಕಾಯಿಲ್ ಬದಲಿಸುವ ಮುಂಚೆ ಟ್ಯಾಂಕಿನೊಳಗೆ ನೋಡಿ

ಲಕ್ಷಣ ಹೀಗಿರುತ್ತದೆ. ಬೆಳಿಗ್ಗೆ ಒಂದೆರಡು ಕಿಕ್‌ಗೆ ಗಾಡಿ ಸ್ಟಾರ್ಟ್ ಆಗುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಮುತ್ತ ಓಡಾಡಿದರೆ ಏನೂ ತಕರಾರಿಲ್ಲ. ಜೇವರ್ಗಿ ರಸ್ತೆ ಹಿಡಿದು 60ರ ಮೇಲೆ ಓಡಿಸಿದಾಗ ಮಾತ್ರ, ಸ್ವಲ್ಪ ದೂರ ಹೋದ ಮೇಲೆ, ಯಾರೋ ಹಿಂದಿನಿಂದ ಹಿಡಿದುಕೊಂಡಂತೆ ಎಳೆತ ಕಡಿಮೆಯಾಗುತ್ತಾ ಬಂದು, ಆಕ್ಸಿಲರೇಟರ್ ತಿರುವಿದಷ್ಟೂ ಇನ್ನೂ ಸೋತು, ಕೊನೆಗೆ ನಿಂತೇಬಿಡುತ್ತದೆ. ಬೇವಿನ ಮರದ ನೆರಳಲ್ಲಿ ಐದು ನಿಮಿಷ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್. ಸ್ವಲ್ಪ ದೂರ ಹೋದರೆ ಮತ್ತೆ ಅದೇ.

ಕಲಬುರಗಿಯಲ್ಲಿ ಯಾವ ಮಿಸ್ತ್ರಿಗೆ ಹೇಳಿದರೂ ಮೊದಲು ಬರುವ ಮಾತು ಒಂದೇ: “ಕಾಯಿಲ್ ಗರಂ ಆಗ್ಯಾದರಿ, ಬದಲಿ ಮಾಡೂಣ.” ಅವರ ಮಾತಿಗೆ ಕಾರಣ ಇದೆ. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಬಿಸಿಲು. ಪ್ಲಗ್ಗಿಗೆ ಸ್ಪಾರ್ಕ್ ಕೊಡುವ ಹಳೇ ಕಾಯಿಲ್, ಹಳೇ ಕಂಡೆನ್ಸರ್ ಬಿಸಿಯಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಮತ್ತೆ ಕೆಲಸ ಮಾಡುವುದು ನಿಜ. ಆದರೆ ಗಾಡಿ ವರ್ಷಗಟ್ಟಲೆ ಶೆಡ್ಡಲ್ಲೋ ಕಣಜದ ಕೋಣೆಯಲ್ಲೋ ನಿಂತು ಈಗಷ್ಟೇ ರಸ್ತೆಗೆ ಇಳಿದಿದ್ದರೆ, ಮೊದಲು ಅನುಮಾನ ಪಡಬೇಕಾದದ್ದು ಟ್ಯಾಂಕಿನ ತುಕ್ಕನ್ನು. ಎರಡೂ ದೋಷ ಒಂದೇ ಥರ ಕಾಣುತ್ತವೆ, ತೊಂದರೆ ಇರುವುದೇ ಅಲ್ಲಿ.

ಇಲ್ಲಿ ಬರೆದಿರುವುದು ಯೆಜ್ಡಿ ರೋಡ್‌ಕಿಂಗ್ ಮತ್ತು ಹಳೇ ಜಾವಾ ಬೈಕುಗಳನ್ನು ಮನಸ್ಸಲ್ಲಿಟ್ಟುಕೊಂಡು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಂದರೆ ಅಲ್ಲಿಂದ ಬಂದ ಕೊನೇ ಗಾಡಿಗೂ ಈಗ ಹತ್ತಿರ ಹತ್ತಿರ 30 ವರ್ಷ. ಆ ವಯಸ್ಸಿನ ಕಬ್ಬಿಣದ ಟ್ಯಾಂಕಲ್ಲಿ ತುಕ್ಕು ಇಲ್ಲದಿದ್ದರೇ ಆಶ್ಚರ್ಯ. ರಾಜದೂತ್, ಆರ್‌ಎಕ್ಸ್ 100 ಇಟ್ಟುಕೊಂಡವರಿಗೂ ಬಹುಪಾಲು ಇದೇ ಅನ್ವಯಿಸುತ್ತದೆ.

ಮೊದಲು ಒಂದು ಎಚ್ಚರಿಕೆ

ನಿಂತು ನಿಂತು ಹೋಗುವ ಟೂ ಸ್ಟ್ರೋಕ್ ಗಾಡಿಯನ್ನು “ಹೇಗೋ ಮನೆ ಮುಟ್ಟಿಸೋಣ” ಅಂತ ಓಡಿಸಬೇಡಿ. ಬುಲೆಟ್ಟಿಗೆ ಪೆಟ್ರೋಲ್ ಕಡಿಮೆಯಾದರೆ ಅದು ನಿಲ್ಲುತ್ತದೆ, ಅಷ್ಟೇ. ಅದರ ಎಂಜಿನ್ ಆಯಿಲ್ ಬೇರೆ ಜಾಗದಲ್ಲಿದೆ. ಯೆಜ್ಡಿಯಲ್ಲಿ ಹಾಗಲ್ಲ. ಪಿಸ್ಟನ್ನಿಗೆ, ಕ್ರ್ಯಾಂಕ್ ಬೇರಿಂಗಿಗೆ ಹೋಗುವ ಎಣ್ಣೆ ಪೆಟ್ರೋಲಿನ ಜೊತೆಯೇ ಬರಬೇಕು. ಪೆಟ್ರೋಲ್ ಅರ್ಧ ಬಂದರೆ ಎಣ್ಣೆಯೂ ಅರ್ಧವೇ ಬರುತ್ತದೆ. ಅದೇ ಹೊತ್ತಿಗೆ ಮಿಶ್ರಣದಲ್ಲಿ ಗಾಳಿ ಜಾಸ್ತಿಯಾಗಿ ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಬಿಸಿ ಜಾಸ್ತಿ, ಎಣ್ಣೆ ಕಡಿಮೆ. ಪಿಸ್ಟನ್ ಜಾಮ್ ಆಗುವುದು ಹೀಗೆಯೇ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾದುಹೋಗುವ ಸಣ್ಣ ತೂತು, ಅಂದರೆ ಜೆಟ್ಟಲ್ಲಿ ಸಿಕ್ಕಿಕೊಂಡ ಸಾಸಿವೆಗಿಂತ ಸಣ್ಣ ತುಕ್ಕಿನ ಚೂರು ಸಿಲಿಂಡರ್ ಬೋರ್ ಮಾಡಿಸುವ ಖರ್ಚು ತಂದಿಡಬಲ್ಲದು. ಹಾಗಾಗಿ ಇದನ್ನು “ಕಾರ್ಬೊರೇಟರ್ ಸ್ವಲ್ಪ ಕಸ ಹಿಡಿದಿದೆ” ಅಂತ ಹಗುರವಾಗಿ ತಗೊಳ್ಳಬಾರದು.

ನಿಂತ ಜಾಗದಲ್ಲೇ ಪರೀಕ್ಷೆ

ಗಾಡಿ ನಿಂತ ಆ ಕ್ಷಣವೇ ಪತ್ತೆಗೆ ಸರಿಯಾದ ಹೊತ್ತು. ಗ್ಯಾರೇಜಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ದೋಷ ಮಾಯವಾಗಿರುತ್ತದೆ, ಆಮೇಲೆ ಮಿಸ್ತ್ರಿ ಊಹೆಯ ಮೇಲೆ ಸಾಮಾನು ಬದಲಿಸಬೇಕಾಗುತ್ತದೆ. ಹಾಗಾಗಿ ಪ್ಲಗ್ ಪಾನಾ, ಸ್ಕ್ರೂ ಡ್ರೈವರ್, ಒಂದು ಖಾಲಿ ಪಾರದರ್ಶಕ ಬಾಟಲಿ ಜೊತೆಗಿಟ್ಟುಕೊಂಡೇ ಹೊರಡಿ.

ಎಂಜಿನ್ ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆಯಿರಿ. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡು, ಅರೆ ನಿಮಿಷದಲ್ಲಿ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದಲ್ಲಿರುವ ಗಾಳಿ ತೂತು ಮುಚ್ಚಿದೆ. ಪೆಟ್ರೋಲ್ ಇಳಿದಂತೆ ಮೇಲಿಂದ ಗಾಳಿ ಬರದಿದ್ದರೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಅದನ್ನು ಸ್ವಚ್ಛ ಮಾಡಿದರೆ ಮುಗಿಯಿತು. ಇಷ್ಟರಲ್ಲೇ ಕೆಲಸ ಮುಗಿದರೆ ನಿಮ್ಮ ಪುಣ್ಯ.

ಅದಲ್ಲ ಅಂದರೆ ಕಾರ್ಬೊರೇಟರ್ ಮೇಲಿರುವ ಟಿಕ್ಲರ್ ಗುಂಡಿ ಒತ್ತಿ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ತುಂಬಿದ್ದರೆ ಒತ್ತಿದ ತಕ್ಷಣ ಪೆಟ್ರೋಲ್ ಒಸರುತ್ತದೆ. ಒತ್ತಿ ಹಿಡಿದು ಇಪ್ಪತ್ತು ಎಣಿಸಿದರೂ ಬೆರಳು ಒದ್ದೆಯಾಗದಿದ್ದರೆ ಬೌಲ್ ಖಾಲಿ. ಟಿಕ್ಲರ್ ಇಲ್ಲದ ಕಾರ್ಬೊರೇಟರ್ ಆದರೆ ಬೌಲ್ ಸ್ಕ್ರೂ ಸಡಿಲಿಸಿ ನೋಡಿ. ಎಂಜಿನ್ ಬಿಸಿಯಿರುತ್ತದೆ, ಸೈಲೆನ್ಸರ್ ಪೈಪ್ ಮೇಲೆ ಪೆಟ್ರೋಲ್ ಬೀಳದಂತೆ ಬಟ್ಟೆ ಹಿಡಿಯಿರಿ.

ಆಮೇಲೆ ಪ್ಲಗ್ ಬಿಚ್ಚಿ. ತುದಿ ಒಣಗಿದ್ದು, ಬಣ್ಣ ಬಿಳಿಚಿಕೊಂಡಿದ್ದು, ಸ್ಪಾರ್ಕ್ ನೀಲಿಯಾಗಿ ಚಟಪಟ ಅಂತ ಬರುತ್ತಿದ್ದರೆ ಕರಂಟ್ ಕಡೆ ದೋಷವಿಲ್ಲ, ಪೆಟ್ರೋಲ್ ಬರುತ್ತಿಲ್ಲ. ತುದಿ ಒದ್ದೆಯಾಗಿದ್ದು ಸ್ಪಾರ್ಕ್ ಹಳದಿಯಾಗಿ ಸಪ್ಪೆಯಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಆಗ ಕಾಯಿಲ್, ಕಂಡೆನ್ಸರ್, ಪಾಯಿಂಟ್ ಕಡೆ ಹೋಗಿ. ಸ್ಪಾರ್ಕ್ ನೋಡುವಾಗ ಪ್ಲಗ್ಗನ್ನು ಒಸರಿದ ಪೆಟ್ರೋಲಿನಿಂದ, ಟ್ಯಾಂಕ್ ಬಾಯಿಯಿಂದ ದೂರ ಹಿಡಿಯಿರಿ. ಟ್ಯಾಂಕ್ ಮುಚ್ಚಳವನ್ನೂ ಮೊದಲು ಹಾಕಿಬಿಡಿ.

ಸೈಲೆನ್ಸರಲ್ಲಿ ಮಸಿ ಕಟ್ಟಿದ್ದರೂ ಎಳೆತ ಕಡಿಮೆಯಾಗುತ್ತದೆ. ಆದರೆ ಅದು ದಿನವೂ ಒಂದೇ ಥರ ಇರುತ್ತದೆ, ನಿಂತು ಐದು ನಿಮಿಷಕ್ಕೆ ಸರಿಹೋಗುವುದಿಲ್ಲ.

ಬಾಟಲಿ ಪರೀಕ್ಷೆ

ಮನೆಗೆ ಬಂದ ಮೇಲೆ ಮಾಡಬೇಕಾದದ್ದು ಇದು. ನನ್ನ ಪ್ರಕಾರ ಇಡೀ ಪತ್ತೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ, ಆದರೂ ಯಾರೂ ಮಾಡುವುದಿಲ್ಲ.

ಕಾರ್ಬೊರೇಟರಿಗೆ ಹೋಗುವ ಪೈಪ್ ಕಳಚಿ ಬಾಟಲಿಗೆ ಬಿಡಿ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ತೆರೆದು ಗಡಿಯಾರ ನೋಡಿ, ಪೂರ್ತಿ ಎರಡು ನಿಮಿಷ ಹರಿಯಲು ಬಿಡಿ. ಎಷ್ಟು ಬರಬೇಕು ಅನ್ನುವುದಕ್ಕೆ ಸರಳ ಲೆಕ್ಕ ಇದೆ. ಗಾಡಿ ಲೀಟರಿಗೆ 25 ಕಿ.ಮೀ. ಕೊಡುತ್ತದೆ, ನೀವು 75ರ ವೇಗದಲ್ಲಿ ಹೋಗುತ್ತಿದ್ದೀರಿ ಅಂತ ಹಿಡಿದರೆ ಗಂಟೆಗೆ 3 ಲೀಟರ್ ಬೇಕು. ಅಂದರೆ ನಿಮಿಷಕ್ಕೆ 50 ಮಿ.ಲೀ. ಏರು ಹತ್ತುವಾಗ, ಇಬ್ಬರು ಕೂತಾಗ ಇದಕ್ಕಿಂತ ಜಾಸ್ತಿ. ಹಾಗಾಗಿ ನಿಮಿಷಕ್ಕೆ 150 ಮಿ.ಲೀ. ಆದರೂ ಸಲೀಸಾಗಿ ಬರಬೇಕು ಅನ್ನುವುದು ನಾನು ಇಟ್ಟುಕೊಂಡಿರುವ ಅಳತೆ.

ಧಾರೆ ಹೇಗೆ ಬದಲಾಗುತ್ತದೆ ಅನ್ನುವುದನ್ನು ಕಣ್ಣು ತೆಗೆಯದೆ ನೋಡಿ. ತುಕ್ಕಿನ ಟ್ಯಾಂಕಲ್ಲಿ ಶುರುವಿಗೆ ಪೈಪ್ ತುಂಬಿ ಧಾರೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಸಣ್ಣಗಾಗುತ್ತದೆ. ಆಮೇಲೆ ದಾರದ ಎಳೆ, ಆಮೇಲೆ ಹನಿ. ಕಾಕ್ ಮೇಲಿನ ಜಾಳಿಗೆಗೆ ತುಕ್ಕಿನ ಕೆಸರು ಹರಿವಿನ ಜೊತೆ ಬಂದು ಅಂಟಿಕೊಳ್ಳುತ್ತದೆ, ಚಹಾ ಸೋಸುವಾಗ ಪುಡಿ ಜಾಲರಿಗೆ ಕೂತು ದಾರಿ ಮುಚ್ಚಿದಂತೆ. ಗಾಡಿ ನಿಂತು ಹರಿವು ನಿಂತಾಗ ಆ ಕೆಸರು ಮೆಲ್ಲಗೆ ಕಳಚಿ ಕೆಳಗೆ ಬೀಳುತ್ತದೆ, ಜಾಳಿಗೆ ತೆರೆಯುತ್ತದೆ, ಬೌಲ್ ಮತ್ತೆ ತುಂಬುತ್ತದೆ. “ಐದು ನಿಮಿಷ ತಣ್ಣಗಾದ ಮೇಲೆ ಸರಿಹೋಯ್ತು” ಅಂತ ಎಲ್ಲರೂ ಹೇಳುವುದರ ಹಿಂದಿನ ಕಾರಣ ಇದು. ತಣ್ಣಗಾಗಿದ್ದಕ್ಕಲ್ಲ, ಕೆಸರು ಇಳಿದಿದ್ದಕ್ಕೆ.

ಇನ್ನೊಂದು ವಿಷಯ. ಟ್ಯಾಂಕ್ ತುಂಬಿದ್ದಾಗ ಮೇಲಿನ ಪೆಟ್ರೋಲಿನ ಒತ್ತಡಕ್ಕೆ ಈ ದೋಷ ಮರೆಯಾಗಿರುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿದಾಗ ಎದ್ದು ಕಾಣುತ್ತದೆ. ರಿಸರ್ವ್‌ಗೆ ಹಾಕಿದ ಕೂಡಲೇ ಗಾಡಿ ಕೆಮ್ಮುತ್ತದೆ ಅಂದರೆ ತಳದ ಕೆಸರೇ ಎಳೆದುಕೊಳ್ಳುತ್ತಿದೆ ಅಂತ ಅರ್ಥ.

ಈಗ ಆ ಬಾಟಲಿಯನ್ನು ಮುಚ್ಚಿ, ಅಲುಗಾಡಿಸದೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಇಟ್ಟಿಗೆ ಬಣ್ಣದ ನಯವಾದ ಪುಡಿ, ನಡುವೆ ಕಪ್ಪು ಕಂದು ಹಕ್ಕಳೆ ಕಂಡರೆ ತುಕ್ಕು. ಬಾಟಲಿ ಹೊರಗಿನಿಂದ ಆಯಸ್ಕಾಂತ ಆಡಿಸಿದರೆ ಕಪ್ಪು ಹಕ್ಕಳೆ ಸಾಮಾನ್ಯವಾಗಿ ಅದರ ಹಿಂದೆ ಸರಿಯುತ್ತವೆ. ಕೆಂಪು ಪುಡಿ ಅಷ್ಟಾಗಿ ಸರಿಯುವುದಿಲ್ಲ, ಅದಕ್ಕೆ ಅದು ತುಕ್ಕಲ್ಲ ಅಂದುಕೊಳ್ಳಬೇಡಿ. ಬೆಳ್ಳಗಿನ ಸಿಪ್ಪೆಯಂಥ ಚೂರು ಬಂದರೆ ಯಾರೋ ಹಿಂದೆ ಟ್ಯಾಂಕಿಗೆ ಒಳಲೇಪ ಹಾಕಿದ್ದಾರೆ, ಅದು ಈಗ ಏಳುತ್ತಿದೆ.

ತಳದಲ್ಲಿ ಬೇರೆಯೇ ಒಂದು ದ್ರವದ ಪದರ ನಿಂತಿದೆಯಾ ಅದನ್ನೂ ನೋಡಿ. ಈಗ ಬಂಕಲ್ಲಿ ಸಿಗುವ ಪೆಟ್ರೋಲಲ್ಲಿ 20 ಪರ್ಸೆಂಟ್ ತನಕ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿದರೆ ನೀರು, ಎಥನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ನೀವು ಪೆಟ್ರೋಲಿಗೆ ಬೆರೆಸಿದ 2ಟಿ (ಟೂ ಸ್ಟ್ರೋಕ್) ಆಯಿಲ್ ಮೇಲಿನ ಪೆಟ್ರೋಲಲ್ಲೇ ಉಳಿಯುತ್ತದೆ. ಕಾಕ್ ಎಳೆಯುವುದು ತಳದಿಂದ. ಅಂದರೆ ಎಣ್ಣೆಯೇ ಇಲ್ಲದ ದ್ರವ ಎಂಜಿನ್ನಿಗೆ ಹೋಗುತ್ತದೆ. ಈ ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡುವ ತನಕ ಕಿಕ್ ಕೂಡ ಹೊಡೆಯಬೇಡಿ.

ಶಹಾಬಾದಿನ ಗೆಳೆಯರೊಬ್ಬರ ರೋಡ್‌ಕಿಂಗ್ ನೋಡಿದ ಮೇಲೆ ನನಗೆ ಈ ಪರೀಕ್ಷೆಯ ಮೇಲೆ ಪೂರ್ತಿ ನಂಬಿಕೆ ಬಂದಿದೆ. ಅವರ ತಂದೆ ಓಡಿಸುತ್ತಿದ್ದ ಗಾಡಿ. ಜೋಳದ ಚೀಲಗಳ ಪಕ್ಕ, ಅರ್ಧ ಪೆಟ್ರೋಲ್ ಇರುವ ಹಾಗೇ ವರ್ಷಗಟ್ಟಲೆ ನಿಂತಿತ್ತು. ಕಾಯಿಲ್, ಕಂಡೆನ್ಸರ್, ಪ್ಲಗ್, ಕಡೆಗೆ ಕಾರ್ಬೊರೇಟರ್ ಕೂಡ ಹೊಸದಾಗಿತ್ತು. ಟಾರ್ಚ್ ಹಾಕಿ ಟ್ಯಾಂಕಿನೊಳಗೆ ನೋಡಿದರೆ ತಳದಲ್ಲಿ ಹೊಳೆಯುವ ಕಬ್ಬಿಣ, ಮೇಲಿನ ಅರ್ಧಕ್ಕೆ ಮಾತ್ರ ದಪ್ಪ ಕೆಂಪು ಹಕ್ಕಳೆ. ನಡುವೆ ಗೆರೆ ಎಳೆದಷ್ಟು ಸ್ಪಷ್ಟ. ಎಣ್ಣೆ ಬೆರೆತ ಪೆಟ್ರೋಲ್ ಮುಟ್ಟಿದ ಜಾಗ ಉಳಿದಿತ್ತು. ಅದರ ಮೇಲೆ ಹಗಲು ರಾತ್ರಿಯ ಬಿಸಿ ತಂಪಿಗೆ ಗಾಳಿಯ ತೇವ ಹನಿಗಟ್ಟಿ ತುಕ್ಕು ಹಿಡಿದಿತ್ತು. ಗಾಡಿ ಹಳ್ಳ ದಿಣ್ಣೆ ಹಾರಿದಾಗೆಲ್ಲ ಮೇಲಿನಿಂದ ಹೊಸ ತುಕ್ಕು ಉದುರುತ್ತಿತ್ತು. ಎಷ್ಟು ಸಲ ಕಾರ್ಬೊರೇಟರ್ ತೊಳೆದರೂ ಏನು ಪ್ರಯೋಜನ? ಹಾಗಾಗಿ ಟಾರ್ಚ್ ಹಾಕಿದಾಗ ತಳ ಚೆನ್ನಾಗಿದೆ ಅಂತ ಬಿಡಬೇಡಿ. ಸಣ್ಣ ಕನ್ನಡಿ ಇಳಿಸಿ ಮೇಲಿನ ಗೋಡೆ ನೋಡಿ.

ತೊಳೆಯುವುದು

ಟ್ಯಾಂಕ್ ಬಿಚ್ಚಿ ಖಾಲಿ ಮಾಡಿ. ಇದನ್ನು ಬಯಲಲ್ಲಿ ಮಾಡಿ. ಬೀಡಿ, ಸಿಗರೇಟು, ಗ್ಯಾಸ್ ಒಲೆ, ವೆಲ್ಡಿಂಗ್ ಯಾವುದೂ ಹತ್ತಿರ ಇರಬಾರದು. ಕಾಕ್ ತೆಗೆದಿಡಿ, ಹುಳಿ ದ್ರಾವಣ ಅದನ್ನು ತಿನ್ನುತ್ತದೆ. ಆ ತೂತನ್ನು ಸೈಕಲ್ ಟ್ಯೂಬಿನ ರಬ್ಬರ್ ತುಂಡು ಇಟ್ಟು ಬಿಗಿಯಾಗಿ ಮುಚ್ಚಿ.

ಟೂ ಸ್ಟ್ರೋಕ್ ಟ್ಯಾಂಕಲ್ಲಿ ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಒಂದಿದೆ. ಒಳಗೆ ಎಣ್ಣೆಯ ಪದರ ಇರುತ್ತದೆ, ಪೆಟ್ರೋಲ್ ಆರಿ ಉಳಿದ ಅಂಟು ಇರುತ್ತದೆ. ಅದರ ಮೇಲೆ ಯಾವ ಹುಳಿ ಹಾಕಿದರೂ ತುಕ್ಕನ್ನು ಮುಟ್ಟುವುದೇ ಇಲ್ಲ. ಮೊದಲು ಬಿಸಿನೀರು, ಪಾತ್ರೆ ತೊಳೆಯುವ ಸೋಪು ಹಾಕಿ ಕುಲುಕಿ ಚೆಲ್ಲಿ. ಪೆಟ್ರೋಲ್ ವಾಸನೆ ಹೋಗಿ, ನೀರು ಒಳಗೋಡೆಗೆ ಹನಿಯಾಗಿ ನಿಲ್ಲದೆ ಒಂದೇ ಸಮ ಹರಡುವ ತನಕ ತೊಳೆಯಿರಿ.

ಹಕ್ಕಳೆ ದಪ್ಪ ಇದ್ದರೆ ಕೆರೆಯಲು ಏನಾದರೂ ಬೇಕು. ಜಲ್ಲಿ ಹಾಕಬೇಡಿ, ಪುಡಿಯಾಗಿ ಒಳಗೇ ಉಳಿಯುತ್ತದೆ. ಚೆನ್ನಾಗಿ ತೊಳೆದ ಹಳೇ ಚೈನ್ ತುಂಡಿಗೆ ತಂತಿ ಕಟ್ಟಿ ಇಳಿಸಿ, ಮುಗಿದ ಮೇಲೆ ಎಳೆದು ತೆಗೆಯಬಹುದು. ನಟ್ ಹಾಕುವುದಾದರೆ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಟ್ಯಾಂಕನ್ನು ಹಳೇ ಕೌದಿಯಲ್ಲಿ ಸುತ್ತಿ, ಸ್ವಲ್ಪ ಸೋಪು ನೀರು ಹಾಕಿ, ಎಲ್ಲಾ ದಿಕ್ಕಿಗೂ ತಿರುಗಿಸಿ ಕುಲುಕಿ. ಫ್ರೇಮಿನ ಎರಡೂ ಕಡೆ ಇಳಿಬಿದ್ದ ಆಕಾರದ ಟ್ಯಾಂಕಿಗೆ ಕಾಕ್ ಇಲ್ಲದ ಬದಿಯ ತಳ ಇದೆಯಲ್ಲ, ನೀರು ಮತ್ತು ಕೆಸರು ಜಾಸ್ತಿ ಸೇರುವುದು ಅಲ್ಲೇ. ಆ ಮೂಲೆಗೆ ಜಾಸ್ತಿ ಹೊತ್ತು ಕೊಡಿ.

ಈಗ ಹುಳಿ. ನಾನು ಎಲ್ಲರಿಗೂ ಹೇಳುವುದು ಸಿಟ್ರಿಕ್ ಆಸಿಡ್, ಅದೇ ಕಿರಾಣಿ ಅಂಗಡಿಯ ನಿಂಬೆ ಉಪ್ಪು. ಲೀಟರಿಗೆ 60ರಿಂದ 80 ಗ್ರಾಂ. 12, 13 ಲೀಟರ್ ಹಿಡಿಯುವ ಟ್ಯಾಂಕಿಗೆ ಹತ್ತಿರ ಹತ್ತಿರ 1 ಕಿಲೋ ಬೇಕು. ಮುಟ್ಟಿದರೆ ಸುಡುವಷ್ಟು ಬಿಸಿ ಇರುವ ನೀರಲ್ಲಿ ಕರಗಿಸಿ ಕುತ್ತಿಗೆ ತನಕ ತುಂಬಿ. ಕುತ್ತಿಗೆ ತನಕ ಅಂದದ್ದು ಸುಮ್ನೆ ಅಲ್ಲ, ಮೇಲಿನ ಗೋಡೆಯೇ ಜಾಸ್ತಿ ಕೆಟ್ಟಿರುವುದು ಅಲ್ವಾ. ನಮ್ಮ ಬೇಸಿಗೆಯಲ್ಲಿ ಟ್ಯಾಂಕನ್ನು ಬಿಸಿಲಲ್ಲಿ ಇಟ್ಟರೆ ಸಾಕು, ದ್ರಾವಣ ಸಂಜೆ ತನಕ ಬೆಚ್ಚಗಿರುತ್ತದೆ. ಮುಚ್ಚಳ ಬಿಗಿ ಮಾಡಬೇಡಿ. ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಬೆಂಕಿ ಹತ್ತುವ ಅನಿಲ. ಪೇಂಟಿಗೆ ಚೆಲ್ಲಿದರೆ ಕೂಡಲೇ ನೀರು ಹಾಕಿ ಒರೆಸಿ.

ಆರು ಗಂಟೆಗೊಮ್ಮೆ ನೋಡುತ್ತಿರಿ. ಹಗುರ ತುಕ್ಕಾದರೆ ಒಂದು ರಾತ್ರಿಗೆ ಬಿಡುತ್ತದೆ. ದಪ್ಪ ಇದ್ದರೆ ಒಂದು ದಿನ ಹಿಡಿಯುತ್ತದೆ, ಬೇಕಾದರೆ ದ್ರಾವಣ ಬದಲಿಸಿ. ಬೂದು ಬಣ್ಣದ ಕಬ್ಬಿಣ ಕಂಡ ಮೇಲೆ ನಿಲ್ಲಿಸಿ. ಇನ್ನೂ ಹೊಳೆಯಲಿ ಅಂತ ಬಿಟ್ಟರೆ ಹುಳಿ ಕಬ್ಬಿಣವನ್ನೇ ತಿನ್ನಲು ಶುರು ಮಾಡುತ್ತದೆ.

ಹುಣಸೆಹುಳಿ ಆಗುತ್ತಾ ಅಂತ ಕೇಳುವವರಿದ್ದಾರೆ. ಬೋಲ್ಟು, ಮುಚ್ಚಳಕ್ಕೆ ಪರವಾಗಿಲ್ಲ. ಟ್ಯಾಂಕಿನೊಳಗೆ ಅದರ ತಿರುಳು ಮೂಲೆಗೆ ಅಂಟಿ ಇನ್ನೊಂದು ತಲೆನೋವು. ಪೇಂಟ್ ಅಂಗಡಿಯಲ್ಲಿ ಸಿಗುವ ಫಾಸ್ಫಾರಿಕ್ ಆಸಿಡ್ಡಿನ ತುಕ್ಕು ನಿವಾರಕ ಚೆನ್ನಾಗಿ ಕೆಲಸ ಮಾಡುತ್ತದೆ, ಕಬ್ಬಿಣದ ಮೇಲೆ ಒಂದು ರಕ್ಷಣೆಯ ಪದರವನ್ನೂ ಬಿಡುತ್ತದೆ. ಕೈಗವಸು, ಕನ್ನಡಕ ಮಾತ್ರ ಬೇಕೇ ಬೇಕು. ಆದರೆ ಸಂಡಾಸು ತೊಳೆಯುವ ಆಸಿಡ್ ಬೇಡ. ಅರ್ಧ ಗಂಟೆಯಲ್ಲಿ ತುಕ್ಕು ಹೋಗುತ್ತದೆ ಅಂತ ಆಸೆ ಹುಟ್ಟಿಸುತ್ತದೆ. ಹೋಗುವುದು ತುಕ್ಕೊಂದೇ ಅಲ್ಲ. ತೆಳುವಾದ ತಗಡು, ಬೆಸುಗೆ, ಕ್ರೋಮ್ ಎಲ್ಲವನ್ನೂ ತಿನ್ನುತ್ತದೆ, ತೊಳೆದ ಮೇಲೆ ತುಕ್ಕು ಮೊದಲಿಗಿಂತ ಬೇಗ ಬರುತ್ತದೆ. ಕಾರ್ಖಾನೆಯ ಮೂಲ ಟ್ಯಾಂಕುಗಳು ಮತ್ತೆ ತಯಾರಾಗುವುದಿಲ್ಲ, ದಯವಿಟ್ಟು ಆತುರ ಬೇಡ.

ಹುಳಿ ಚೆಲ್ಲಿದ ಮೇಲಿನ ಹತ್ತು ನಿಮಿಷ ಬಹಳ ಮುಖ್ಯ. ಒದ್ದೆ ಕಬ್ಬಿಣ ಗಾಳಿಗೆ ಬಿದ್ದರೆ ಕಣ್ಣೆದುರೇ ಕೇಸರಿ ಬಣ್ಣ ತಿರುಗುತ್ತದೆ. ಹಾಗಾಗಿ ಎಲ್ಲಾ ಮೊದಲೇ ಜೋಡಿಸಿಕೊಳ್ಳಿ. ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆಯಿರಿ, ನೊರೆ ನಿಲ್ಲುವ ತನಕ. ಆಮೇಲೆ ಸಾದಾ ನೀರು. ನಮ್ಮ ಬೋರ್ ನೀರು ಗಡಸು, ಕೊನೆಯ ತೊಳೆತಕ್ಕೆ ಕ್ಯಾನ್ ನೀರು ಬಳಸಿದರೆ ಒಳ್ಳೆಯದು. ಪೂರ್ತಿ ಬಗ್ಗಿಸಿ ಬಸಿದು, ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ, ಬಿಸಿಲಿಗೆ ಇಡಿ. ಆರಿದ ಕೂಡಲೇ ಅರ್ಧ ಲೀಟರ್ ಪೆಟ್ರೋಲಿಗೆ 100 ಮಿ.ಲೀ. 2ಟಿ ಆಯಿಲ್ ಬೆರೆಸಿ ಒಳಗೋಡೆಗೆಲ್ಲ ತಾಗುವಂತೆ ತಿರುಗಿಸಿ. ತೊಳೆದ ಪೆಟ್ರೋಲನ್ನು ಚರಂಡಿಗೆ ಬಿಡಬೇಡಿ, ಗ್ಯಾರೇಜಿನ ಹಳೇ ಎಣ್ಣೆ ಡಬ್ಬಿಗೆ ಹಾಕಿ.

ತುಕ್ಕು ಹೋದ ಮೇಲೆ ಸಣ್ಣ ತೂತು ಕಾಣಿಸಿಕೊಂಡರೆ ಗಾಬರಿ ಬೇಡ. ಆ ತೂತು ಮೊದಲೇ ಇತ್ತು, ತುಕ್ಕು ಅದನ್ನು ಮುಚ್ಚಿತ್ತು. ಟ್ಯಾಂಕ್ ಬೆಸುಗೆ ಗೊತ್ತಿರುವವರಿಂದಲೇ ಮುಚ್ಚಿಸಿ. ಖಾಲಿ ಅಂತ ಕಾಣುವ ಟ್ಯಾಂಕಿನ ಪೆಟ್ರೋಲ್ ಆವಿಯೇ ಸ್ಫೋಟ ಆಗುವುದು. ಒಳಲೇಪ ಹಾಕಿಸುವುದು ಸೋರುವ ಟ್ಯಾಂಕಿಗೆ ಮಾತ್ರ ಕೊನೆಯ ದಾರಿ, ಅದೂ ಎಥನಾಲ್ ತಡೆಯುವಂಥದ್ದೇ ಆಗಬೇಕು. ಸೋರದ ಟ್ಯಾಂಕಿಗೆ ನಾನಂತೂ ಬೇಡ ಅನ್ನುತ್ತೇನೆ.

ಮತ್ತೆ ಜೋಡಿಸುವಾಗ

ಕಾಕ್ ಜಾಳಿಗೆ, ವಾಷರ್ ಹೊಸದು ಹಾಕಿ. ಹಳೇ ಪೈಪ್ ಎಥನಾಲಿಗೆ ಬಿರುಕು ಬಿಡುತ್ತದೆ, ಈಗಿನ ಗಾಡಿಗಳ ಪೆಟ್ರೋಲ್ ಪೈಪ್ ಹಾಕಿಸಿ. ಕಾರ್ಬೊರೇಟರ್ ಈಗ ಬಿಚ್ಚಿ. ಮೇನ್ ಜೆಟ್, ಪೈಲಟ್ ಜೆಟ್ ಎರಡನ್ನೂ ಬೆಳಕಿಗೆ ಹಿಡಿದು ನೋಡಿ. ತಂತಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಗಾಳಿ ಹೊಡೆಸಿ, ಇಲ್ಲವೇ ಬ್ರಷ್ಷಿನ ನೈಲಾನ್ ಕೂದಲು ಬಳಸಿ. ರಾತ್ರಿ ನಿಲ್ಲಿಸಿದಾಗ ಪೆಟ್ರೋಲ್ ಸೋರುತ್ತಿತ್ತು ಅಂದರೆ ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿಯ ಕೆಳಗೂ ತುಕ್ಕಿನ ಚೂರು ಕೂತಿದೆ, ಅದನ್ನೂ ಒರೆಸಿ.

ಗಾಡಿ ಬಹಳ ದಿನ ಹಾಗೇ ಓಡಿದ್ದರೆ ಸೈಲೆನ್ಸರ್ ಪೈಪ್ ಬಿಚ್ಚಿ, ಕಿಕ್ಕರ್ ಮೆಲ್ಲಗೆ ಒತ್ತುತ್ತಾ, ಹೊಗೆ ಹೊರಬರುವ ಪೋರ್ಟಿನೊಳಗೆ ಟಾರ್ಚ್ ಹಾಕಿ ಪಿಸ್ಟನ್ ಮೈ ನೋಡಿ. ನುಣುಪಾಗಿದ್ದರೆ ಸರಿ. ಮೇಲಿಂದ ಕೆಳಗೆ ಉಗುರಿಗೆ ಸಿಗುವಷ್ಟು ಗೀರುಗಳಿದ್ದರೆ ಸಿಲಿಂಡರ್ ಎತ್ತದೆ ಓಡಿಸಬೇಡಿ.

ಮೊದಲ ಟ್ಯಾಂಕಿಗೆ 2ಟಿ ಆಯಿಲ್ ಲೀಟರಿಗೆ 40 ಮಿ.ಲೀ. ಹಾಕಿ, ಅದಕ್ಕಿಂತ ಕಡಿಮೆ ಬೇಡ. ಪೈಪಲ್ಲಿ ಪಾರದರ್ಶಕ ಫಿಲ್ಟರ್ ಹಾಕಿಕೊಂಡರೆ ಉಳಿದ ಚೂರು ಕಣ್ಣಿಗೆ ಕಾಣುತ್ತದೆ. ಮೊದಲು ಊರೊಳಗೆ ಓಡಿಸಿ, ಆಮೇಲೆ ಸೇಡಂ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ, ನಿಲ್ಲಿಸಿ ಪ್ಲಗ್ ನೋಡಿ. ಚಹಾ ಬಣ್ಣ ಇದ್ದರೆ ಸರಿಯಾಗಿದೆ. ಬಿಳಿ ಇದ್ದರೆ ಇನ್ನೂ ಎಲ್ಲೋ ಅಡ್ಡ ಇದೆ, ಬಾಟಲಿ ಪರೀಕ್ಷೆ ಮತ್ತೆ ಮಾಡಿ. ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಡುವುದಾದರೆ ಟ್ಯಾಂಕ್ ತುಂಬಿಡಿ, ಇಲ್ಲವೇ ಪೂರ್ತಿ ಬಸಿದು ಒಳಗೆ ಎಣ್ಣೆ ಸವರಿಡಿ. ಅರ್ಧ ಟ್ಯಾಂಕ್ ಬಿಡುವುದು ಮಾತ್ರ ಬೇಡ.

ಇಷ್ಟೆಲ್ಲ ಆದ ಮೇಲೂ ಗಾಡಿ ಅದೇ ಥರ ನಿಂತು, ಟಿಕ್ಲರ್ ಒತ್ತಿದ ಕೂಡಲೇ ಪೆಟ್ರೋಲ್ ಒಸರಿ, ಪ್ಲಗ್ ಒದ್ದೆಯಾಗಿದ್ದು ಸ್ಪಾರ್ಕ್ ಸಪ್ಪೆ ಇದ್ದರೆ, ಆಗ ಮಿಸ್ತ್ರಿ ಹೇಳಿದ್ದೇ ಸರಿ. ಪಾಯಿಂಟ್ ಇರುವ ಮಾಡೆಲ್ ಆದರೆ ಮೊದಲು ಅದರ ಗ್ಯಾಪ್ 0.4 ಮಿ.ಮೀ. ಇದೆಯಾ ನೋಡಿ, ಆಮೇಲೆ ಕಂಡೆನ್ಸರ್ ಬದಲಿಸಿ. ಅದು ಅಗ್ಗ. ಕಾಯಿಲ್ ಕೊನೆಗೆ.